ದಾರ ಕತ್ತರಿಸುವವಳ ಪ್ಯಾಂಟು

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಎಷ್ಟೋ ಕೆಲಸ ಮನೆಗಳ ಪಡಸಾಲೆಯಲ್ಲೇ ಮುಗಿಯುತ್ತದೆ. ಮಧ್ಯಾಹ್ನದ ಹೊತ್ತು ಕೌಲ್ ಬಜಾರಿನ ಓಣಿ ಹೊಕ್ಕರೆ ಸಾಕು. ಬೈಕಿನ ಹಿಂದೆ ಪ್ಯಾಂಟುಗಳ ಗಂಟು ಕಟ್ಟಿಕೊಂಡು ಒಬ್ಬ ಬರುತ್ತಾನೆ, ಬಾಗಿಲಲ್ಲಿ ಇಳಿಸುತ್ತಾನೆ, ನಿನ್ನೆಯ ಗಂಟು ಎತ್ತಿಕೊಂಡು ಹೋಗುತ್ತಾನೆ. ಒಳಗೆ ಅತ್ತೆ, ಸೊಸೆ, ಶಾಲೆ ಮುಗಿಸಿ ಬಂದ ಮಗಳು ಗೋಡೆಗೊರಗಿ ಕೂತಿರುತ್ತಾರೆ. ಕೈಯಲ್ಲಿ ಹಿಡಿಯಿಲ್ಲದ ಪುಟ್ಟ ಕತ್ತರಿ. ಹೊಲಿಗೆ ಮುಗಿದಲ್ಲೆಲ್ಲ ಉಳಿದ ದಾರದ ತುದಿಗಳನ್ನು ಹುಡುಕಿ ಹುಡುಕಿ ಕತ್ತರಿಸಬೇಕು: ಬೆಲ್ಟಿನ ಲೂಪಿನ ಪಕ್ಕ, ಜೇಬಿನ ಮೂಲೆ, ಜಿಪ್ಪಿನ ಬುಡ, ಕಾಲಿನ ಮಡಿಕೆ. ಪೀಸಿಗೆ ಇಷ್ಟು ಅಂತ ಲೆಕ್ಕ. ತೊಳೆಯದ ಡೆನಿಮ್ಮಿನ ನೀಲಿ ಅಂಗೈಗೆ ಹತ್ತಿಕೊಂಡರೆ ರೊಟ್ಟಿ ಬಡಿಯುವ ಮೊದಲು ಸೋಪು ಹಾಕಿ ಉಜ್ಜಬೇಕು.

ಆ ಹೆಂಗಸರಲ್ಲಿ ಬಹುಪಾಲು ಮಂದಿ ತಮ್ಮ ಕೈ ದಾಟಿಹೋದ ಪ್ಯಾಂಟನ್ನು ಒಮ್ಮೆಯೂ ತೊಟ್ಟವರಲ್ಲ. ತೊಡಬೇಡ ಎಂದು ಯಾರೂ ಎದುರಿಗೆ ನಿಂತು ಹೇಳಿದ್ದೂ ಇರಲಿಕ್ಕಿಲ್ಲ. ಅದು ಗಂಡಸರ ಮಾಲು, ಅಷ್ಟೆ. ಸೊಂಟ ಮೂವತ್ತು, ಮೂವತ್ತೆರಡು, ಮೂವತ್ತನಾಲ್ಕು ಎಂದು ಚೀಟಿ ಅಂಟಿಸಿಕೊಂಡು ಬೇರೆ ಊರಿನ ಲಾರಿ ಹತ್ತುವ ಬಂಡಲ್. ಪ್ಯಾಂಟು ಹೊಲಿಯುವುದರಲ್ಲಿ ದೇಶಕ್ಕೇ ಹೆಸರಾದ ಊರಿಗೆ ತನ್ನ ಹೆಣ್ಣುಮಕ್ಕಳ ಅಳತೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ ಎಂಬುದು ನನ್ನ ದೂರು. ಕೆಲಸಕ್ಕೆ, ಬಸ್ಸಿಗೆ, ಬೆಳಗಿನ ವಾಕಿಂಗಿಗೆ ಒಂದೇ ಪ್ಯಾಂಟು ಸಾಕಾಗಬೇಕು. ಎಳೆದರೆ ಬರಬೇಕು, ಬಿಟ್ಟರೆ ಮರಳಬೇಕು. ಮೊಬೈಲು ಹಿಡಿಸುವ ಜೇಬಿರಬೇಕು. ಇಷ್ಟನ್ನು ಕೇಳುವ ಹೆಂಗಸು ಈಗ ಬಳ್ಳಾರಿ ಪೇಟೆಯಲ್ಲಷ್ಟೇ ಅಲ್ಲ, ರೂಪನಗುಡಿಯಲ್ಲೂ ಸಿರುಗುಪ್ಪದಲ್ಲೂ ಕುರುಗೋಡಿನಲ್ಲೂ ಇದ್ದಾಳೆ. ಅವಳ ಕೈಗೆ ಸಿಗುವುದು ಮಾತ್ರ ಹೆಚ್ಚಾಗಿ ತಮಿಳುನಾಡಿನ ತಿರುಪ್ಪೂರಿನ ಲೆಗ್ಗಿಂಗ್ಸು.

ದಂಡಿನ ಪೇಟೆ

1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದ. ಬಳ್ಳಾರಿಯಲ್ಲಿ ದಂಡು ಬೀಡುಬಿಟ್ಟಿತು. ದಂಡು ಇದ್ದಲ್ಲಿ ದರ್ಜಿ ಇರಲೇಬೇಕು. ಸಿಪಾಯಿಯ ಅಂಗಿ, ಖಾಕಿ ಪ್ಯಾಂಟು, ಗುಂಡಿ ಹಾಕುವ ಕೆಲಸ ಹಿಡಿದು ದರ್ಜಿ ಮನೆತನಗಳು ನೆಲೆಯೂರಿದವು. ಮೊದಲ ಮಹಾಯುದ್ಧದ ಹೊತ್ತಿಗೆ ಸಮವಸ್ತ್ರದ ಹೊಲಿಗೆ ಜೋರಾಗಿತ್ತೆಂದು, ಜೀನ್ಸ್ ಕಸುಬಿನ ಬೇರು ಅಲ್ಲಿದೆಯೆಂದು ಊರಿನವರು ಹೇಳುತ್ತಾರೆ. ದಂಡು ಹೋಯಿತು, 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಸೇರಿತು, ಸೂಜಿ ಹಿಡಿದ ಕೈ ಮಾತ್ರ ಹಾಗೇ ಉಳಿಯಿತು. ಸಮವಸ್ತ್ರದಿಂದ ಸಿದ್ಧ ಉಡುಪಿಗೆ, ಅಲ್ಲಿಂದ ಎಂಬತ್ತರ ದಶಕದ ಹೊತ್ತಿಗೆ ಜೀನ್ಸಿಗೆ ಆ ಕೈ ತಿರುಗಿತು. 1987ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸ್ ಡೆನಿಮ್ ನೇಯಲು ತೊಡಗಿದ್ದು ಇಂಥ ಊರುಗಳಿಗೆ ವರವಾಯಿತು. ಇವತ್ತಿಗೂ ಬಳ್ಳಾರಿಯ ಕಟಿಂಗ್ ಟೇಬಲ್ ಮೇಲೆ ಹಾಸುವ ತಾನು ಹೆಚ್ಚಾಗಿ ಗುಜರಾತಿನದೇ.

ಜೀನ್ಸಿನ ಮೂಲಕಥೆಯಲ್ಲೂ ಒಬ್ಬಳು ಹೆಂಗಸಿದ್ದಾಳೆ. ಅಮೆರಿಕದ ನೆವಾಡದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ಅವನ ಅಂಗಡಿಗೆ ಒಬ್ಬಳು ಬಂದು, ತನ್ನ ಗಂಡನ ಪ್ಯಾಂಟು ನಿಲ್ಲುವುದೇ ಇಲ್ಲ, ಗಟ್ಟಿಯಾಗಿ ಒಂದು ಹೊಲಿದುಕೊಡು ಎಂದಳಂತೆ. ಡೇವಿಸ್ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ಟು ಬಡಿದ. ಬಟ್ಟೆ ಪೂರೈಸುತ್ತಿದ್ದ ಲೀವೈ ಸ್ಟ್ರಾಸ್ ಜತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ಕೇಳಿದವಳು ಹೆಂಗಸು, ತೊಟ್ಟವನು ಗಂಡಸು. ಹೆಂಗಸರಿಗಾಗಿಯೇ ಆ ಕಂಪನಿ ಜೀನ್ಸ್ ಹೊರತಂದದ್ದು 1934ರಲ್ಲಿ. ಅಲ್ಲಿಗೆ ಅರವತ್ತೊಂದು ವರ್ಷ ಕಳೆದಿತ್ತು. ಬಳ್ಳಾರಿ ಅಷ್ಟು ತಡ ಮಾಡಿಲ್ಲ ಎನ್ನುವುದೇ ಸಮಾಧಾನವಾದರೆ ಮಾಡಿಕೊಳ್ಳಬಹುದು.

ಮೆಣಸಿನ ಹೊಲದಲ್ಲಿ ಗಂಡನ ಅಂಗಿ

ಕೆಲಸಕ್ಕೆ ಹೊಂದುವ ಬಟ್ಟೆ ಹುಡುಕಿಕೊಳ್ಳುವುದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ. ರೂಪನಗುಡಿ ಸುತ್ತಿನ ಎರೆಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಹೋಗಿ ನೋಡಿ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಗುಂಡಿ ಕುತ್ತಿಗೆತನಕ. ಖಾರ ಮೈಗೆ ಹತ್ತಬಾರದು, ಬಿಸಿಲು ತೋಳು ಸುಡಬಾರದು. ತಲೆಗೆ ಟವೆಲ್ಲು. ಸೆರಗು ಒಳಗೆ ಸೇರಿ ಹೋಗಿರುತ್ತದೆ, ನೆರಿಗೆ ಮೊಣಕಾಲಿನ ಮಟ್ಟಕ್ಕೆ ಎತ್ತಿ ಸಿಕ್ಕಿಸಿರುತ್ತಾರೆ. ಹತ್ತಿ ಬಿಡಿಸುವವರೂ ಹೀಗೇ. ಸಿರುಗುಪ್ಪದ ಕಡೆ ಕಾಲುವೆ ನೀರಿನ ಗದ್ದೆಯಲ್ಲಿ ನಾಟಿ ಹಚ್ಚುವಾಗ ಇನ್ನೂ ಮೇಲಕ್ಕೆ. ಇದನ್ನು ಯಾವ ಫ್ಯಾಷನ್ ಪುಸ್ತಕವೂ ಬರೆದುಕೊಳ್ಳುವುದಿಲ್ಲ. ಗಂಡಸಿನ ಉಡುಪಿನ ಮೇಲರ್ಧವನ್ನು ಹೊಲಗೆಲಸದ ಹೆಂಗಸರು ಸದ್ದಿಲ್ಲದೆ ತಮ್ಮದು ಮಾಡಿಕೊಂಡು ಯಾವ ಕಾಲವಾಯಿತೋ. ಕೆಳಗಿನರ್ಧಕ್ಕೆ ಮಾತ್ರ ಊರು ಹುಬ್ಬು ಗಂಟಿಕ್ಕುತ್ತದೆ.

ಹಳೆಯ ಕಾಲದ ಕಚ್ಚೆ ಸೀರೆ ನೆನೆದರೆ ಈ ಹುಬ್ಬು ಗಂಟು ಇನ್ನೂ ವಿಚಿತ್ರ. ಉತ್ತರ ಕರ್ನಾಟಕದ ಅಜ್ಜಿಯರು ಒಂಬತ್ತು ಗಜದ ಸೀರೆಯನ್ನು ಕಾಲ ನಡುವೆ ಹಾಯಿಸಿ ಹಿಂದೆ ಸಿಕ್ಕಿಸಿಕೊಂಡು ಬಾವಿ ಇಳಿದರು, ಬಂಡಿ ಹತ್ತಿದರು, ಬೆನ್ನು ಬಾಗಿಸಿ ಕಳೆ ತೆಗೆದರು. ಎರಡು ಕಾಲಿಗೆ ಬೇರೆ ಬೇರೆ ಆವರಣ, ನಡುವಿನಲ್ಲಿ ಎಳೆತವಿಲ್ಲ, ಸೊಂಟಕ್ಕೆ ಸುತ್ತಿದ ಬಟ್ಟೆಯೇ ಪಟ್ಟಿ. ಪ್ಯಾಂಟಿನ ಲಕ್ಷಣ ಇನ್ನೇನು? ಹೊಲಿಗೆ ಒಂದಿಲ್ಲ, ಅಷ್ಟೆ. ಐದೂವರೆ ಮೀಟರಿನ ಸೀರೆ, ಒಳಗೆ ಲಂಗ, ಲಂಗಕ್ಕೆ ಲಾಡಿ, ಇದು ನಂತರ ಬಂದ ಶಿಸ್ತು.

ಆ ಲಾಡಿಯ ಬಗ್ಗೆ ಒಂದು ಮಾತು. ದಿನಕ್ಕೆ ಹದಿನಾಲ್ಕು ಗಂಟೆ, ವರ್ಷಗಟ್ಟಲೆ, ಅದೇ ಜಾಗದಲ್ಲಿ ಬಿಗಿದು ಕಟ್ಟಿದ ದಾರ ಚರ್ಮವನ್ನು ಕಪ್ಪಾಗಿಸುತ್ತದೆ, ತುರಿಕೆ ತರುತ್ತದೆ. ಬೇಸಿಗೆಯ ಬೆವರು ಸೇರಿದರೆ ಹುಣ್ಣು. ಮಾಯದ ಹುಣ್ಣು ಅಪರೂಪಕ್ಕೆ ಕ್ಯಾನ್ಸರಿಗೂ ತಿರುಗಬಹುದೆಂದು ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ಒಂದು ವೈದ್ಯಪತ್ರಿಕೆಯಲ್ಲಿ ಎರಡು ಪ್ರಕರಣ ಬರೆದಿದ್ದಾರೆ. ಹೆದರಿಸಲು ಹೇಳುತ್ತಿಲ್ಲ. ಸೊಂಟದ ಪಟ್ಟಿ ಅಗಲವಾಗಿದ್ದಷ್ಟೂ ಒತ್ತಡ ಹಂಚಿಹೋಗುತ್ತದೆ, ದಾರದಷ್ಟು ಕಿರಿದಾದರೆ ಒಂದೇ ಗೆರೆಯ ಮೇಲೆ ಕೂರುತ್ತದೆ. ಎರಡು ಇಂಚಿನ ಮೆತ್ತನೆಯ ಪಟ್ಟಿ ಇರುವ ಪ್ಯಾಂಟು ಶೋಕಿ ಅಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹುಡುಗಿಯರ ಕಾಲು ಬಿಡಿಸಿದ್ದು ಹೆಚ್ಚಾಗಿ ಸರಕಾರಿ ಸಾಮಾನುಗಳೇ. ಹೈಸ್ಕೂಲಿಗೆ ಚೂಡಿದಾರ್ ಸಮವಸ್ತ್ರ ಬಂತು. 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ಶುರುವಾಯಿತು. ಚೈನಿಗೆ ಸಿಕ್ಕದ ಬಟ್ಟೆ ಆಗ ಮನೆಯವರಿಗೂ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪು, ಅಮೆರಿಕದ ಹೆಂಗಸರಿಗೂ ಎರಡು ಕಾಲಿನ ಉಡುಪನ್ನು ಬೀದಿಗೆ ತಂದದ್ದು ಸೈಕಲ್ಲೇ. 2018ರ ಅಕ್ಟೋಬರಿನಲ್ಲಿ ರಾಜ್ಯ ಪೊಲೀಸ್ ಇಲಾಖೆ ತನ್ನ ಮಹಿಳಾ ಸಿಬ್ಬಂದಿಗೆ ಖಾಕಿ ಸೀರೆಯ ಬದಲು ಪ್ಯಾಂಟು, ಶರ್ಟು ಎಂದು ಸುತ್ತೋಲೆ ಹೊರಡಿಸಿತು. ಆಗ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ನೀಲಮಣಿ ರಾಜು, ರಾಜ್ಯದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕಿ. ಕಳ್ಳನ ಹಿಂದೆ ಓಡಬೇಕಾದವಳು ನೆರಿಗೆ ಹಿಡಿದು ಓಡುವುದು ಹೇಗೆಂದು ಅಷ್ಟು ವರ್ಷ ಯಾರಿಗೂ ಹೊಳೆಯದಿದ್ದದ್ದು ಆಶ್ಚರ್ಯ.

ಆಮೇಲೆ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ; 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಐನೂರು ಕೋಟಿ ಉಚಿತ ಟಿಕೆಟ್ ಹರಿದಾಗಿತ್ತು. ಹಳ್ಳಿಯಿಂದ ಬಳ್ಳಾರಿಗೆ ದಿನಾ ಹೋಗಿಬರುವ ಕೆಲಸ ಹೆಂಗಸರಿಗೆ ಕೈಗೆಟುಕಿತು: ಬಟ್ಟೆ ಅಂಗಡಿಯ ಕೌಂಟರು, ಆಸ್ಪತ್ರೆಯ ಆಯಾ ಕೆಲಸ, ಮುಂಡರಗಿ ಅಪೆರಲ್ ಪಾರ್ಕಿನ ಹೊಲಿಗೆ ಹಾಲು, ಸರಳಾದೇವಿ ಕಾಲೇಜಿನ ಡಿಗ್ರಿ ಕ್ಲಾಸು. ಬೆಳಗಿನ ಕೆಂಪು ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಎಂದು ಸೀರೆಯಲ್ಲಿ ಹತ್ತಿದವರಿಗೇ ಗೊತ್ತು. ಒಂದು ಕೈ ಕಂಬಿಗೆ, ಒಂದು ಕೈ ಚೀಲಕ್ಕೆ, ನೆರಿಗೆ ಎತ್ತಲು ಮೂರನೆಯ ಕೈ ಬೇಕು. ಹೊಸದಾಗಿ ದಿನಗೆಲಸಕ್ಕೆ ಇಳಿದ ನಡುವಯಸ್ಸಿನವರಲ್ಲಿ ಎಷ್ಟೋ ಮಂದಿ ಕುರ್ತಾ, ಲೆಗ್ಗಿಂಗ್ಸಿಗೆ ಬದಲಾದದ್ದು ಆಸೆಗೆ ಎನ್ನುವುದಕ್ಕಿಂತ ಈ ಮೆಟ್ಟಿಲಿಗಾಗಿ.

ಹಿಗ್ಗುವುದರ ಒಳಗುಟ್ಟು

ಬಟ್ಟೆ ಹಿಗ್ಗುವುದಕ್ಕೆ ಮೂರು ದಾರಿಗಳಿವೆ. ಮೊದಲನೆಯದು ದರ್ಜಿಯ ಜಾಣ್ಮೆ. ನೇಯ್ದ ಬಟ್ಟೆಯನ್ನು ಉದ್ದಕ್ಕೆ ಎಳೆಯಿರಿ, ಬಗ್ಗುವುದಿಲ್ಲ, ಅಡ್ಡಕ್ಕೂ ಇಲ್ಲ, ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ಜಗ್ಗುತ್ತದೆ. ಹಾಸು ಹೊಕ್ಕುಗಳ ಚೌಕ ಓರೆಯಾಗಿ ವಾಲಿ ಜಾಗ ಕೊಡುತ್ತದೆ. ಚೂಡಿದಾರ್ ಹೊಲಿಯುವವರು ಬಳಸಿಕೊಂಡದ್ದು ಇದನ್ನೇ. ಅವರು ಅದಕ್ಕೆ ಕ್ರಾಸ್ ಕಟಿಂಗ್ ಎನ್ನುತ್ತಾರೆ. ಬಟ್ಟೆಯನ್ನು ಓರೆಯಾಗಿ ಜೋಡಿಸಿ ಮೊದಲು ಒಂದು ಚೀಲದ ಹಾಗೆ ಹೊಲಿದು, ಆ ಚೀಲವನ್ನು ಮೇಜಿನ ಮೇಲೆ ಚಪ್ಪಟೆ ಹಾಸಿ, ಅದರಲ್ಲಿ ಕಾಲು ಕತ್ತರಿಸುವುದು. ಚೀಲ ತಪ್ಪಾದರೆ ಎರಡು ಕಾಲೂ ತಿರುಚಿಕೊಳ್ಳುತ್ತವೆ, ಬಟ್ಟೆ ಹಾಳು. ಮೀನಖಂಡಕ್ಕೆ ಅಂಟಿದ ಚೂಡಿದಾರಿನಲ್ಲೂ ಕಾಲು ಮಡಚಿ ನೆಲಕ್ಕೆ ಕೂರಲು ಆಗುತ್ತಿದ್ದದ್ದು ಈ ಓರೆಯಿಂದ, ಮತ್ತು ತೊಡೆಗಳು ಸೇರುವಲ್ಲಿ ಇಡುತ್ತಿದ್ದ ಚೌಕ ತುಂಡಿನಿಂದ. ರಬ್ಬರಿನ ಎಳೆ ಒಂದೂ ಇಲ್ಲದ ಹಿಗ್ಗುವ ಪ್ಯಾಂಟು ಇದು. ಕ್ರಾಸ್ ಕಟಿಂಗಿಗೆ ಬಟ್ಟೆ ಹೆಚ್ಚು ಬೇಕು, ಹೊತ್ತು ಹೆಚ್ಚು ಬೇಕು, ಕೈ ಪಳಗಿರಬೇಕು. ಸಿದ್ಧ ಲೆಗ್ಗಿಂಗ್ಸು ಬಂದ ಮೇಲೆ ಅದನ್ನು ಚೆನ್ನಾಗಿ ಬಲ್ಲ ದರ್ಜಿಗಳು ಪೇಟೆಯಲ್ಲಿ ಕಡಿಮೆಯಾಗುತ್ತಿದ್ದಾರೆ. ನನಗೆ ಇದೊಂದು ನಿಜವಾದ ನಷ್ಟ ಅನ್ನಿಸುತ್ತದೆ.

ಎರಡನೆಯದು ಹೆಣಿಗೆ. ಬನಿಯನ್ನಿನ ಬಟ್ಟೆ ನೇಯ್ದದ್ದಲ್ಲ, ಕುಣಿಕೆಗೆ ಕುಣಿಕೆ ಹಾಕಿ ಹೆಣೆದದ್ದು. ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಹೆಚ್ಚುಕಡಿಮೆ ಮೊದಲಿನ ರೂಪಕ್ಕೆ ಬರುತ್ತದೆ. ತಿರುಪ್ಪೂರಿನ ಸಾಮ್ರಾಜ್ಯ ನಿಂತಿರುವುದು ಈ ಕುಣಿಕೆಯ ಮೇಲೆ. ಹೆಂಗಸರ ಲೆಗ್ಗಿಂಗ್ಸು, ಪ್ಯಾಂಟುಗಳನ್ನಷ್ಟೇ ಮಾರುವ ಚೆನ್ನೈನ ಗೋ ಫ್ಯಾಷನ್ ಕಂಪನಿ 2021ರ ನವೆಂಬರಿನಲ್ಲಿ ಷೇರುಪೇಟೆಗೇ ಬಂತು ಎಂದರೆ ಈ ವ್ಯಾಪಾರದ ಗಾತ್ರ ಊಹಿಸಬಹುದು. ಹಾಗೆ ನೋಡಿದರೆ, ಲೆಗ್ಗಿಂಗ್ಸ್ ಹೆಣೆದು ಜಗತ್ತಿಗೆ ಕಳಿಸುವ ಅದೇ ತಮಿಳುನಾಡಿನಲ್ಲಿ 2015ರಲ್ಲಿ ಒಂದು ವಾರಪತ್ರಿಕೆ, ಬೀದಿಯಲ್ಲಿ ಹೋಗುವ ಹೆಂಗಸರ ಫೋಟೊ ಅವರಿಗೆ ತಿಳಿಯದಂತೆ ತೆಗೆದು, ಲೆಗ್ಗಿಂಗ್ಸ್ ಅಸಭ್ಯ ಎಂದು ಮುಖಪುಟ ಲೇಖನ ಮಾಡಿ ಬೈಸಿಕೊಂಡಿತ್ತು. ಅಸಭ್ಯತೆ ಯಾರ ಕಡೆ ಇತ್ತೆಂದು ಓದುಗರೇ ತೀರ್ಮಾನಿಸಿದರು.

ಮೂರನೆಯದು ರಸಾಯನ. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶೈವರ್ಸ್ ಎಂಬ ವಿಜ್ಞಾನಿ, ಹೆಂಗಸರ ಬಿಗಿ ಒಳ ಉಡುಪುಗಳಲ್ಲಿದ್ದ ರಬ್ಬರಿಗೆ ಬದಲಿ ಹುಡುಕುತ್ತ ಒಂದು ನೂಲು ಕಂಡುಹಿಡಿದ. ತನ್ನ ಉದ್ದದ ಐದಾರು ಪಟ್ಟು ಎಳೆದರೂ ಮರಳಿ ಬರುವ ನೂಲು. ಲೈಕ್ರಾ ಎಂಬ ಹೆಸರಿನಲ್ಲಿ ಅದು ಪ್ರಸಿದ್ಧ. ಅಂಗಡಿಯವರ ಬಾಯಲ್ಲಿ ಸ್ಪ್ಯಾಂಡೆಕ್ಸ್, ಎಲಾಸ್ಟೇನ್ ಎಂದೂ ಕೇಳುತ್ತೀರಿ. ಮೂರೂ ಒಂದೇ ಜಾತಿ. ಸ್ಟ್ರೆಚ್ ಡೆನಿಮ್ಮಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಎಲಾಸ್ಟೇನ್ ಎಳೆಯನ್ನು ಎಳೆದು ಹಿಡಿದು ಸುತ್ತಲೂ ಹತ್ತಿ ನೂಲು ಹೊದಿಸಿ, ಆ ನೂಲನ್ನು ಹೆಚ್ಚಾಗಿ ಬಟ್ಟೆಯ ಅಡ್ಡಕ್ಕೆ ಮಾತ್ರ ನೇಯುತ್ತಾರೆ. ಹೊರಗೆ ಮುಟ್ಟಿದರೆ ಹತ್ತಿ, ಒಳಗೆ ರಬ್ಬರಿನ ಗುಣ. ಸಾಮಾನ್ಯವಾಗಿ ನೂರಕ್ಕೆ ಎರಡು ಪಾಲು ಸಾಕು. ಆ ಎರಡು ಪರ್ಸೆಂಟು ಇಲ್ಲದಿದ್ದರೆ ಹೆಣ್ಣಿನ ಸೊಂಟಕ್ಕೂ ತೊಡೆಗೂ ಇರುವ ಅಳತೆಯ ವ್ಯತ್ಯಾಸವನ್ನು ದಪ್ಪ ಡೆನಿಮ್ಮಿನಲ್ಲಿ ಹಿಡಿಸುವುದೇ ಕಷ್ಟ. ಗಂಡಸರ ಪ್ಯಾಂಟಷ್ಟೇ ಹೊಲಿದು ಪಳಗಿದ ಬಳ್ಳಾರಿಯ ಕಟಿಂಗ್ ಮಾಸ್ಟರುಗಳಿಗೆ ಹೆಂಗಸರ ಮಾಲು ಹೊಲಿಯುವ ಧೈರ್ಯ ಬಂದದ್ದು ಹೆಚ್ಚಾಗಿ ಈ ಬಟ್ಟೆಯಿಂದಲೇ. ಸೀಟು ಒಂದಿಷ್ಟು ತಪ್ಪಿದರೂ ಬಟ್ಟೆ ಮುಚ್ಚಿಹಾಕುತ್ತದೆ.

ಅಲ್ಲೇ ತಕರಾರೂ ಇದೆ. ಎಳೆತ ಇದೆಯಲ್ಲ ಎಂದು ಕಟಿಂಗಿನಲ್ಲಿ ಮೈಗಳ್ಳತನ ನುಗ್ಗುತ್ತದೆ. ಸೊಂಟದಿಂದ ತೊಡೆಗಳು ಸೇರುವಲ್ಲಿಯವರೆಗಿನ ಅಳತೆಗೆ ಫೋರ್ಕು ಎನ್ನುತ್ತಾರೆ; ಮುಂದಿನ ಫೋರ್ಕು ಎಷ್ಟು, ಹಿಂದಿನ ಫೋರ್ಕು ಎಷ್ಟು ಎನ್ನುವುದೇ ಪ್ಯಾಂಟಿನ ಪ್ರಾಣ. ಹಿಂದಿನದು ಗಿಡ್ಡವಾದರೆ ಕೂತಾಗ ಬೆನ್ನಿನ ಹತ್ತಿರ ಬೆಲ್ಟು ಕೆಳಗಿಳಿಯುತ್ತದೆ, ಕುರ್ತಾ ಎಳೆದುಕೊಳ್ಳುತ್ತಲೇ ಇರಬೇಕು. ಬಳ್ಳಾರಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಕೂತವಳಿಗೆ ಇದರ ಬೆಲೆ ಬೆಳಗಿನ ಜಾವ ತಿಳಿಯುತ್ತದೆ. ಹಿಂದಿನ ಸೊಂಟ ಒಂದೂವರೆ ಎರಡು ಇಂಚು ಎತ್ತರ, ಮುಂದೆ ಚಪ್ಪಟೆ ಪಟ್ಟಿ, ಬೆನ್ನ ಕಡೆ ಮಾತ್ರ ಎಲಾಸ್ಟಿಕ್: ಕೆಲಸಕ್ಕೂ ಪ್ರಯಾಣಕ್ಕೂ ಆಗುವ ಪ್ಯಾಂಟಿನ ಕಟ್ಟು ಇಷ್ಟೆ. ಇದಕ್ಕೆ ಯಂತ್ರ ಬೇಡ, ಮನಸ್ಸು ಬೇಕು.

ಹೆಣಿಗೆ ಬಟ್ಟೆಯ ವಿಚಾರಕ್ಕೆ ಬಂದರೆ ಯಂತ್ರವೇ ಬೇರೆ. ಡೆನಿಮ್ಮಿಗೆ ದಪ್ಪ ಸೂಜಿ, ಎರಡು ಸಾಲಿನ ಚೈನ್ ಹೊಲಿಗೆ, ಜೇಬಿನ ಮೂಲೆಗೆ ಬಾರ್‌ಟ್ಯಾಕ್. ಲೆಗ್ಗಿಂಗ್ಸಿಗೆ ಗುಂಡು ತುದಿಯ ಸೂಜಿ, ಓವರ್‌ಲಾಕ್, ಫ್ಲಾಟ್‌ಲಾಕ್. ಬಟ್ಟೆಯ ಜತೆ ಹೊಲಿಗೆಯೂ ಹಿಗ್ಗಬೇಕು, ಇಲ್ಲದಿದ್ದರೆ ಮೊದಲ ಸಲ ಕುಕ್ಕರುಗಾಲಲ್ಲಿ ಕೂತಾಗಲೇ ಪಟ್ ಎಂದು ದಾರ ಹರಿಯುತ್ತದೆ. ಬಳ್ಳಾರಿಯ ಮನೆಗಳಲ್ಲಿರುವುದು ಮೊದಲ ಬಗೆಯ ಯಂತ್ರ, ಮೊದಲ ಬಗೆಯ ಕೈ. ಆದ್ದರಿಂದ ತಿರುಪ್ಪೂರಿನ ಲೆಗ್ಗಿಂಗ್ಸಿನ ಜತೆ ಗುದ್ದಾಡುವುದು ಈ ಊರಿಗೆ ಆಗದ ಕೆಲಸ, ಅಗತ್ಯವೂ ಇಲ್ಲ. ನೇಯ್ದ ಸ್ಟ್ರೆಚ್ ಬಟ್ಟೆಯಲ್ಲಿ ಹೆಂಗಸರ ಒಳ್ಳೆಯ ಪ್ಯಾಂಟು ಹೊಲಿದರೆ ಅದನ್ನು ತಿರುಪ್ಪೂರು ಕೊಡಲಾರದು. ಜೇಬು ಹಿಡಿದು ನಿಲ್ಲುವುದು ನೇಯ್ದ ಬಟ್ಟೆಯಲ್ಲೇ.

ಜೇಬು! ಹೆಂಗಸರ ಜೀನ್ಸಿನಲ್ಲಿ ಮುಂದಿನ ಜೇಬು ಎಂದು ಕಾಣುವುದು ಎಷ್ಟೋ ಸಲ ಬರೀ ಹೊಲಿಗೆಯ ಗೆರೆ. ಇದ್ದರೂ ನಾಲ್ಕು ಬೆರಳು ಹೋಗುತ್ತವೆ, ಹೆಬ್ಬೆರಳು ಹೊರಗೆ. ಒಳಜೇಬಿನ ಬಿಳಿ ಬಟ್ಟೆಯಲ್ಲಿ ಉಳಿಸುವ ಕಾಸು, ಒಂದು ಹೊಲಿಗೆಯಲ್ಲಿ ಉಳಿಸುವ ನಿಮಿಷ, ಗಂಡಸರ ಮಾಲಿಗೆ ಯಾರೂ ಲೆಕ್ಕ ಹಾಕುವುದಿಲ್ಲ. ಶಕ್ತಿ ಬಸ್ಸಿಗೆ ಗುರುತಿನ ಚೀಟಿ ತೋರಿಸಬೇಕು, ಫೋನ್ ಪೇ ಮಾಡಲು ಮೊಬೈಲು ಬೇಕು, ಮನೆಯ ಬೀಗದ ಕೈ ಬೇಕು. ಇವೆಲ್ಲ ಈಗಲೂ ರವಿಕೆಯೊಳಗಿನ ಪರ್ಸಿನಲ್ಲೋ ಕೈಯಲ್ಲೋ ಇರುತ್ತವೆ. ಆರೂವರೆ ಇಂಚು ಆಳದ ಎರಡು ಜೇಬು ಕೊಟ್ಟ ಪ್ಯಾಂಟಿಗೆ ಜಾಹೀರಾತೇ ಬೇಡ.

ಗುಡ್ಡದ ಬುಡದಲ್ಲಿ

ಬೆಳಗಿನ ವಾಕಿಂಗಿನ ಹೊತ್ತಿಗೆ ಬಳ್ಳಾರಿ ಕೋಟೆ ಗುಡ್ಡದ ಕಡೆಯೋ ಮುನಿಸಿಪಲ್ ಮೈದಾನದ ಕಡೆಯೋ ಹೋದರೆ ಉಡುಪಿನ ಒಂದು ಪ್ರದರ್ಶನವೇ ಸಿಗುತ್ತದೆ. ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದವರು. ನೈಟಿಯ ಮೇಲೆ ದುಪಟ್ಟಾ ಹೊದ್ದು ಮನೆಯ ಸುತ್ತಿನಲ್ಲೇ ಬೇಗಬೇಗ ಎರಡು ರೌಂಡು ಮುಗಿಸುವವರು. ಮಗನ ಹಳೆ ಟ್ರ್ಯಾಕ್ ಪ್ಯಾಂಟಿನ ಮೇಲೆ ಉದ್ದ ಕುರ್ತಾ, ಇವರ ಸಂಖ್ಯೆ ಏರುತ್ತಿದೆ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ನಡೆಯಲು ಹೇಳಿದ ಮೇಲೆ ಮನೆಯಲ್ಲಿ ಯಾರೂ ತಡೆಯುವುದಿಲ್ಲ. ಔಷಧದ ಚೀಟಿಯಂತೆ ಪ್ಯಾಂಟಿಗೂ ಒಪ್ಪಿಗೆ ಸಿಕ್ಕಿಬಿಡುತ್ತದೆ.

ಇಲ್ಲಿ ಬಿಸಿಲಿನ ಮಾತು ಆಡದಿದ್ದರೆ ತಪ್ಪಾಗುತ್ತದೆ. ವಿದೇಶಿ ಯೋಗ ಪ್ಯಾಂಟುಗಳು ನೈಲಾನು ಅಥವಾ ಪಾಲಿಯೆಸ್ಟರಿಗೆ ನೂರಕ್ಕೆ ಇಪ್ಪತ್ತರಷ್ಟು ಎಲಾಸ್ಟೇನ್ ಸೇರಿಸಿ ಮಾಡಿದವು. ಏಸಿ ಹಾಲಿನಲ್ಲಿ ಒಂದು ಗಂಟೆಗೆ ಅವು ಚೆಂದ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಅದನ್ನು ತೊಟ್ಟು ಬೆಳಗಿನಿಂದ ಸಂಜೆತನಕ ಅಂಗಡಿಯಲ್ಲಿ ನಿಂತರೆ ತೊಡೆಯ ಸಂದಿಯಲ್ಲಿ ಬೆವರುಸಾಲೆ, ಗಜಕರ್ಣ. ಚರ್ಮದ ಡಾಕ್ಟರ ಬಳಿಗೆ ಬೇಸಿಗೆಯಲ್ಲಿ ಹೋಗುವ ಹೆಂಗಸರಿಗೆ ಮೊದಲು ಸಿಗುವ ಸಲಹೆ ಸಡಿಲ ಹತ್ತಿ ಬಟ್ಟೆ ಹಾಕಿ ಎಂಬುದು. ಹತ್ತಿ ಎಂದರೆ ಈ ನೆಲದ್ದೇ ಬೆಳೆ; ಹಗರಿಯ ಕೃಷಿ ಸಂಶೋಧನಾ ಕೇಂದ್ರ ಮದರಾಸು ಸರಕಾರದ ಕಾಲದಲ್ಲಿ, 1906ರಲ್ಲಿ ಶುರುವಾದಾಗಿನಿಂದ ಎರೆನೆಲದ ಹತ್ತಿಯ ಮೇಲೆ ಅಲ್ಲಿ ಕೆಲಸ ನಡೆದಿದೆ. ಹತ್ತಿ ಇಲ್ಲಿ ಬೆಳೆದು, ಬೇರೆಲ್ಲೋ ನೂಲಾಗಿ, ಗುಜರಾತಿನಲ್ಲಿ ಡೆನಿಮ್ ಆಗಿ, ಹೊಲಿಗೆಗೆ ಮತ್ತೆ ಇಲ್ಲಿಗೇ ಬರುವ ಸುತ್ತಾಟ ನೋಡಿದರೆ ನಗುವೂ ಬರುತ್ತದೆ.

ನನ್ನ ಆಯ್ಕೆ ಕೇಳಿದರೆ: ನೂರಕ್ಕೆ ತೊಂಬತ್ತೈದರಿಂದ ತೊಂಬತ್ತೆಂಟು ಹತ್ತಿ, ಉಳಿದದ್ದು ಎಲಾಸ್ಟೇನ್, ಹಗುರ ಡೆನಿಮ್ ಅಥವಾ ಟ್ವಿಲ್, ಮೊಣಕಾಲಿನ ಕೆಳಗೆ ಸಡಿಲ. ಅಂಗಡಿಯಲ್ಲಿ ಎರಡು ಕೈಯಿಂದ ಅಡ್ಡಕ್ಕೆ ಎಳೆದು ಬಿಡಿ. ತಕ್ಷಣ ಮರಳದೆ ಸುಕ್ಕು ನಿಂತರೆ ಅದು ತಿಂಗಳೊಪ್ಪತ್ತಿನಲ್ಲಿ ಮೊಣಕಾಲಿನ ಬಳಿ ಚೀಲ ಬಿಡುತ್ತದೆ. ಎಳೆದಾಗ ಬೆಳಕು ಹಾಯ್ದು ಕಂಡರೆ ಬೇಡ. ಟ್ರಯಲ್ ರೂಮಿನಲ್ಲಿ ನಿಂತು ಕನ್ನಡಿ ನೋಡುವುದಕ್ಕಿಂತ ಒಮ್ಮೆ ಕುಕ್ಕರುಗಾಲಲ್ಲಿ ಕೂತು ಏಳಿ. ತಂದ ಮೇಲೆ ಬಿಸಿನೀರು, ಬ್ಲೀಚಿಂಗ್ ಪೌಡರು ಎರಡೂ ದೂರ. ನೇರ ಬಿಸಿಲಿಗೆ ಒಣಹಾಕಿದರೆ, ಕಾಯ್ದ ಇಸ್ತ್ರಿ ಒತ್ತಿದರೆ ಒಳಗಿನ ಎಲಾಸ್ಟೇನ್ ಸಾಯುತ್ತದೆ. ಹತ್ತಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಒಳಮಗ್ಗುಲು ಹೊರಗೆ ಮಾಡಿ ನೆರಳಿಗೆ ಹಾಕುವುದು ಉತ್ತಮ.

ಮೆತ್ತಗಾಗುವುದರ ಬೆಲೆ

ಹೊಲಿದ ಜೀನ್ಸು ಮೊದಲಿಗೆ ರಟ್ಟಿನ ಹಾಗೆ ಸೆಟೆದಿರುತ್ತದೆ. ಅದನ್ನು ಮೈಗೆ ಹಿತವಾಗುವಂತೆ ಮಾಡುವುದು ವಾಷಿಂಗ್ ಘಟಕ. ಗಂಜಿ ತೆಗೆಯಲು ಎನ್ಜೈಮು, ಬಣ್ಣ ಮಾಸಿಸಲು ಪ್ಯೂಮಿಸ್ ಕಲ್ಲು, ತೊಡೆಯ ಮೇಲೆ ಬಿಳಿ ಛಾಯೆಗೆ ಪರ್ಮ್ಯಾಂಗನೇಟ್ ಸಿಂಪಡಣೆ, ಕೊನೆಗೆ ಸಾಫ್ಟ್‌ನರ್. ಪ್ರತಿ ಹಂತಕ್ಕೂ ನೀರು. ಲೀವೈಸ್ ಕಂಪನಿಯೇ 2010ರ ಸುಮಾರಿಗೆ ತನ್ನ ಒಂದು ಜೀನ್ಸಿನ ಫಿನಿಶಿಂಗಿಗೆ ಸರಾಸರಿ 42 ಲೀಟರ್ ಹೋಗುತ್ತದೆಂದು ಲೆಕ್ಕ ಕೊಟ್ಟಿತ್ತು. ನಲ್ಲಿ ನೀರಿಗೆ ದಿನ ಎಣಿಸುವ ಊರಿನಲ್ಲಿ ಆ 42 ಲೀಟರ್ ಎಂದರೆ ಎಷ್ಟು ಕೊಡ ಎಂದು ಹೇಳಬೇಕಿಲ್ಲ. ತೊಳೆದ ನೀಲಿ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ವರ್ಷಗಳ ಕಾಲ ಕುದಿದು, 2024ರಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಹಲವು ವಾಷಿಂಗ್ ಘಟಕಗಳಿಗೆ ಮುಚ್ಚುವ ಆದೇಶ ಬಂತು. ವಾಷಿಂಗ್ ನಿಂತರೆ ಹೊಲಿಗೆ ನಿಲ್ಲುತ್ತದೆ, ಹೊಲಿಗೆ ನಿಂತರೆ ಪಡಸಾಲೆಯಲ್ಲಿ ದಾರ ಕತ್ತರಿಸುವವಳ ಕೈ ಖಾಲಿ. ಅದಕ್ಕೂ ಒಂದು ವರ್ಷ ಮೊದಲು, 2023ರ ವಿಧಾನಸಭಾ ಚುನಾವಣೆಯ ಪ್ರಚಾರಕ್ಕೆ ಬಂದ ರಾಹುಲ್ ಗಾಂಧಿ ಬಳ್ಳಾರಿಗೆ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಮಾತು ಕೊಟ್ಟು ಹೋಗಿದ್ದರು. ಪಾರ್ಕು ಏನೇ ಇರಲಿ, ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ಸಾಮೂಹಿಕ ಘಟಕ ಈ ಕಸುಬಿನ ಮೊದಲ ಅಗತ್ಯ. ಹೆಂಗಸರ ದಿನಬಳಕೆಯ ಪ್ಯಾಂಟಿಗೆ ಇಲ್ಲೊಂದು ಅನುಕೂಲವಿದೆ: ಆಫೀಸಿಗೆ ಹಾಕುವ ಕಡುನೀಲಿ, ಕಪ್ಪು ಬಣ್ಣಕ್ಕೆ ಕಲ್ಲು ಉಜ್ಜುವ, ಅಲ್ಲಲ್ಲಿ ಮಾಸಿಸುವ ಶೋಕಿ ಬೇಕಿಲ್ಲ. ಒಂದು ಎನ್ಜೈಮ್ ತೊಳೆತ, ಸಾಫ್ಟ್‌ನರ್, ಮುಗಿಯಿತು. ಕಲ್ಲಿನ ಹೊಡೆತವೂ ಅತಿಯಾದ ಬಿಸಿಯೂ ಸ್ಟ್ರೆಚ್ ಬಟ್ಟೆಯ ಆಯಸ್ಸು ಕಡಿಮೆ ಮಾಡುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಹಿಂದೆ 1,000 ರೂಪಾಯಿ ದಾಟಿದರೆ ಶೇ 12 ಬೀಳುತ್ತಿತ್ತು, ಹಾಗಾಗಿ ಆ ಗೆರೆಯೊಳಗೆ ಉಳಿಯಲು ಬಟ್ಟೆಯಲ್ಲೋ ಜಿಪ್ಪಿನಲ್ಲೋ ಕಡಿತ ಮಾಡುವ ಆಮಿಷ ಇತ್ತು. ಈಗ ಒಳ್ಳೆಯ ಸ್ಟ್ರೆಚ್ ಬಟ್ಟೆ, ಒಳ್ಳೆಯ ಎಲಾಸ್ಟಿಕ್, ಆಳದ ಜೇಬು ಕೊಟ್ಟು ಬೆಲೆ ಒಂದಿಷ್ಟು ಏರಿಸಿದರೂ ತೆರಿಗೆಯ ಕಾಟವಿಲ್ಲ.

ಉಳಿದದ್ದು ಅಳತೆ. ಭಾರತೀಯರ ದೇಹಕ್ಕೆ ಹೊಂದುವ ಸೈಜ್ ಚಾರ್ಟ್ ನಮ್ಮಲ್ಲಿರಲಿಲ್ಲ. ಹೊರದೇಶದ ಚಾರ್ಟನ್ನು ಅಲ್ಪಸ್ವಲ್ಪ ತಿದ್ದಿ ಕಂಪನಿಗಳು ಬಳಸುತ್ತ ಬಂದವು. ಇದಕ್ಕೆಂದು ಕೇಂದ್ರ ಜವಳಿ ಸಚಿವಾಲಯ, ನಿಫ್ಟ್ ಸಂಸ್ಥೆಯ ಮೂಲಕ ಆರು ನಗರಗಳಲ್ಲಿ 25,000 ಜನರನ್ನು ತ್ರೀಡಿ ಸ್ಕ್ಯಾನರಿನಲ್ಲಿ ಅಳೆಯುವ ಇಂಡಿಯಾಸೈಜ್ ಯೋಜನೆ ಹಾಕಿಕೊಂಡಿತು. ಒಳ್ಳೆಯದೇ. ಆದರೆ ಆರೂ ನಗರಗಳೇ. ಎರಡು ಹೆರಿಗೆ ಕಂಡ, ದಿನಾ ಬಗ್ಗಿ ಕಸುಬು ಮಾಡುವ, ಹೊಟ್ಟೆ ಮುಂದೆ ಬಂದು ಕಾಲು ಸಣಕಲಾಗಿರುವ ಎರೆಸೀಮೆಯ ನಲವತ್ತರ ಹೆಂಗಸಿನ ದೇಹ ಆ ಯಂತ್ರದ ಮುಂದೆ ನಿಂತಿರಲಿಕ್ಕಿಲ್ಲ. ಇಪ್ಪತ್ತರ ಹುಡುಗಿಗೆ ಬಳ್ಳಾರಿ ಅಂಗಡಿಗಳಲ್ಲಿ ಇಪ್ಪತ್ತೆಂಟರಿಂದ ಮೂವತ್ತನಾಲ್ಕರ ತನಕ ಮಾಲು ರಾಶಿ ಬಿದ್ದಿದೆ. ಅವಳ ತಾಯಿ ಮೂವತ್ತೆಂಟು ಕೇಳಿದರೆ ಅಂಗಡಿಯವನು ಗಂಡಸರ ರ‍್ಯಾಕಿನ ಕಡೆ ಕೈ ತೋರಿಸುತ್ತಾನೆ.

ಇದಕ್ಕೆ ಸ್ಕ್ಯಾನರು ಬೇಕಿಲ್ಲ. ಗಂಟು ಇಳಿಸಲು ಬರುವ ಬೈಕಿನವನ ಜತೆ ಒಂದು ಟೇಪು, ಒಂದು ನೋಟುಪುಸ್ತಕ ಕೊಟ್ಟು ಕಳಿಸಿದರೆ ಸಾಕು. ಟೇಪು ಹಿಡಿಯುವ ಕೆಲಸ ಹೆಂಗಸರೇ ಮಾಡಿಕೊಳ್ಳುತ್ತಾರೆ: ಸೊಂಟ, ಹಿಪ್ಪು, ತೊಡೆ, ನಿಂತಾಗಿನ ಫೋರ್ಕು, ಕೂತಾಗಿನ ಫೋರ್ಕು. ಕೌಲ್ ಬಜಾರಿನ ಒಂದೇ ಓಣಿಯಲ್ಲಿ ಹದಿನಾರರಿಂದ ಎಪ್ಪತ್ತರ ತನಕದ ಮೈಗಳಿವೆ, ಮತ್ತು ಪ್ಯಾಂಟಿನ ಯಾವ ಹೊಲಿಗೆ ಮೊದಲು ಬಿಡುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿಲ್ಲ.